ಗೇಮ್ ಬಾಯ್ ಟೆಟ್ರಿಸ್ ಸಂಗ್ರಹ: ಪ್ರತಿಯನ್ನು ಗುರುತಿಸುವ, ಪರೀಕ್ಷಿಸುವ, ಬೆಲೆ ಕಟ್ಟುವ ಕ್ರಮ

ಹಳೆಯ ವಿಡಿಯೊ ಗೇಮ್‌ಗಳನ್ನು ಕೂಡಿಡುವ ಹವ್ಯಾಸಕ್ಕೆ ಕಾಲಿಡುವವರು ಮೊದಲು ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ, 1989ರ ಗೇಮ್ ಬಾಯ್ ಟೆಟ್ರಿಸ್ ಕಾರ್ಟ್ರಿಜ್ ಎಂದೇ ನಾನು ಹೇಳುತ್ತೇನೆ. ಗೇಮ್ ಬಾಯ್ ಎಂಬುದು ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರ. ಕಾರ್ಟ್ರಿಜ್ ಎಂದರೆ ಅದಕ್ಕೆ ಹಾಕುವ, ಆಟ ತುಂಬಿದ ಪ್ಲಾಸ್ಟಿಕ್ ಬಿಲ್ಲೆ. ಟೆಟ್ರಿಸ್ ಎಂದರೆ ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲುಗಳನ್ನು ಅಳಿಸುವ ಆಟ. ಸುಮಾರು 3.5 ಕೋಟಿ ಪ್ರತಿಗಳು ಮಾರಾಟವಾದ ಈ ಆಟ ಯಾವ ಲೆಕ್ಕದಲ್ಲೂ ಅಪರೂಪದ್ದಲ್ಲ. ಇಷ್ಟು ಸಾಮಾನ್ಯವಾದ ವಸ್ತುವಿನಲ್ಲಿಯೂ ಒಂದು ಪ್ರತಿ ಸಂತೆಯ ಬೆಲೆಗೆ ಹೋಗುತ್ತದೆ, ಇನ್ನೊಂದು ಅದರ ಹತ್ತಾರು ಪಟ್ಟು ಬೆಲೆಗೆ ಹೋಗುತ್ತದೆ. ಆ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಈ ಒಂದು ಆಟದಲ್ಲಿ ಕಲಿತವರಿಗೆ ಉಳಿದ ಸಂಗ್ರಹದಲ್ಲಿ ದಾರಿ ತಪ್ಪುವ ಭಯ ಬಹಳ ಕಡಿಮೆ. ಬೂದು ಬಣ್ಣದ ಪ್ಲಾಸ್ಟಿಕ್ ಎಲ್ಲೆಡೆ ಸಿಗುತ್ತದೆ. ಅದರ ಜೊತೆ ಬಂದ ಕಾಗದ, ಅದರೊಳಗಿನ ಚಿಪ್ಪಿನ ಆವೃತ್ತಿ ಮತ್ತು ಅದು ಯಾರ ಕೈ ದಾಟಿ ಬಂತು ಎಂಬ ದಾಖಲೆ, ಈ ಮೂರರಲ್ಲಿ ಬೆಲೆ ಅಡಗಿದೆ.

ಆಟದ ಹಿನ್ನೆಲೆಯನ್ನು ಸ್ವಲ್ಪವಾದರೂ ತಿಳಿದಿರುವುದು ಅಗತ್ಯ, ಏಕೆಂದರೆ ಪರೀಕ್ಷೆಯ ಕೆಲವು ಗುರುತುಗಳು ಆ ಇತಿಹಾಸದಿಂದಲೇ ಬಂದವು. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೊವ್ ಅವರು ಎಲೆಕ್ಟ್ರೋನಿಕಾ 60 ಎಂಬ ಸೋವಿಯತ್ ಯಂತ್ರದಲ್ಲಿ ಟೆಟ್ರಿಸ್ ರಚಿಸಿದರು. ಅದನ್ನು ಹೊರದೇಶಗಳಿಗೆ ಮಾರುವ ಅಧಿಕಾರ ಎಲೋರ್ಗ್ ಎಂಬ ಸರ್ಕಾರಿ ಸಂಸ್ಥೆಯ ಕೈಯಲ್ಲಿತ್ತು. 1989ರ ಫೆಬ್ರವರಿಯಲ್ಲಿ ಬುಲೆಟ್-ಪ್ರೂಫ್ ಸಾಫ್ಟ್‌ವೇರ್ ಕಂಪನಿಯ ಹೆಂಕ್ ರೋಜರ್ಸ್ ಮಾಸ್ಕೋಗೆ ತೆರಳಿ, ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಮಟ್ಟಿಗೆ ಹಕ್ಕು ಪಡೆಯುವ ಮಾತುಕತೆ ನಡೆಸಿದರು. ಗೇಮ್ ಬಾಯ್ ಜಪಾನಿನಲ್ಲಿ ಆ ವರ್ಷದ ಏಪ್ರಿಲ್ 21ರಂದು, ಟೆಟ್ರಿಸ್ ಜೂನ್ 14ರಂದು ಮಾರಾಟಕ್ಕೆ ಬಂದವು. ಅಮೆರಿಕದಲ್ಲಿ ಜುಲೈ 31ರಂದು ಗೇಮ್ ಬಾಯ್ ಬಿಡುಗಡೆಯಾದಾಗ ಯಂತ್ರದ ಪೆಟ್ಟಿಗೆಯೊಳಗೇ ಟೆಟ್ರಿಸ್ ಇತ್ತು. ಮರುವರ್ಷ ಯುರೋಪಿನಲ್ಲಿಯೂ ಯಂತ್ರದ ಜೊತೆಗೇ ಅದು ಮನೆಮನೆಗೆ ಹೋಯಿತು.

ಯಂತ್ರದ ಜೊತೆ ಕೊಟ್ಟರು ಎಂಬ ಈ ಒಂದು ಸಂಗತಿಯೇ ಇಂದಿನ ಬೆಲೆಗಳ ಬುನಾದಿ. ಅಮೆರಿಕದ ಆ ದೊಡ್ಡ ಪೆಟ್ಟಿಗೆಯಲ್ಲಿ ಯಂತ್ರ, ಟೆಟ್ರಿಸ್, ಇಬ್ಬರು ಆಡಲು ಬೇಕಾದ ಲಿಂಕ್ ಕೇಬಲ್, ಕಿವಿಗೆ ಹಾಕುವ ಇಯರ್‌ಫೋನ್ ಮತ್ತು ನಾಲ್ಕು ಸೆಲ್ ಇದ್ದವು. ಟೆಟ್ರಿಸ್‌ಗೆ ಅಲ್ಲಿ ತನ್ನದೇ ಆದ ರಟ್ಟಿನ ಡಬ್ಬಿ ಇರಲಿಲ್ಲ. ಬಿಡಿಯಾಗಿ ಅಂಗಡಿಯಲ್ಲಿ ಮಾರಿದ ಪ್ರತಿಗೆ ಮಾತ್ರ ಡಬ್ಬಿ ಇತ್ತು. ಯಂತ್ರ ಕೊಂಡವರಿಗೆಲ್ಲ ಆಟ ಪುಕ್ಕಟೆಯಾಗಿ ಸಿಕ್ಕ ಮೇಲೆ ಅದನ್ನು ಬೇರೆಯಾಗಿ ಕೊಂಡವರು ಎಷ್ಟು ಮಂದಿ ಇದ್ದಾರು? ಕೊಂಡವರಲ್ಲಿಯೂ ರಟ್ಟಿನ ಡಬ್ಬಿಯನ್ನು ಮಡಚದೆ, ಹರಿಯದೆ, ಎಸೆಯದೆ ಮೂರೂವರೆ ದಶಕ ಕಾಪಾಡಿದವರು ಬೆರಳೆಣಿಕೆಯಷ್ಟು. ಹೀಗಾಗಿ ಕಾರ್ಟ್ರಿಜ್ ಅಗ್ಗ, ಕೈಪಿಡಿ ಸೇರಿದರೆ ತುಸು ಹೆಚ್ಚು, ಡಬ್ಬಿ ಸೇರಿದರೆ ಏಕಾಏಕಿ ದುಬಾರಿ. ಸಂಗ್ರಾಹಕರು ಪ್ರತಿಗಳನ್ನು ಲೂಸ್ (ಬಿಡಿ ಕಾರ್ಟ್ರಿಜ್), ಕಂಪ್ಲೀಟ್ (ಡಬ್ಬಿ, ಕೈಪಿಡಿ ಸಮೇತ ಪೂರ್ತಿ ಸೆಟ್), ಸೀಲ್ಡ್ (ಇನ್ನೂ ತೆರೆಯದ ಹೊಸದು) ಎಂದು ಮೂರು ಮೆಟ್ಟಿಲುಗಳಾಗಿ ಹೇಳುತ್ತಾರೆ. ಕಂಪ್ಲೀಟ್ ಎಂದು ಯಾರಾದರೂ ಹೇಳಿದಾಗ, ಡಬ್ಬಿ, ಕೈಪಿಡಿ, ಕಾರ್ಟ್ರಿಜ್ ಇಡುವ ಪಾರದರ್ಶಕ ಪ್ಲಾಸ್ಟಿಕ್ ಕವಚ ಮತ್ತು ಒಳಗಿನ ಬಿಡಿ ಕಾಗದಗಳು ಎಲ್ಲವೂ ಇವೆಯೇ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು.

ಯಾವ ದೇಶದ ಪ್ರತಿ, ಯಾವ ಆವೃತ್ತಿ

ಲೇಬಲ್ಲಿನ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಂಕೇತ ಇರುತ್ತದೆ. ಅಮೆರಿಕದ ಪ್ರತಿಯಲ್ಲಿ ಅದು ಡಿಎಂಜಿ-ಟಿಆರ್-ಯುಎಸ್‌ಎ, ಜಪಾನಿನದರಲ್ಲಿ ಡಿಎಂಜಿ-ಟಿಆರ್‌ಎ. ಡಿಎಂಜಿ ಎಂಬುದು ಮೊದಲ ಗೇಮ್ ಬಾಯ್ ಯಂತ್ರದ ಮಾದರಿ ಹೆಸರು. ಅಮೆರಿಕ ಮತ್ತು ಯುರೋಪಿನ ಪ್ರತಿಗಳಲ್ಲಿ ಕೊನೆಯ ಮೂರು ಅಕ್ಷರಗಳು ಮಾರಾಟದ ಪ್ರದೇಶವನ್ನು ಹೇಳುತ್ತವೆ. ಗೇಮ್ ಬಾಯ್‌ಗೆ ಪ್ರದೇಶದ ಬೀಗ ಇಲ್ಲದಿರುವುದರಿಂದ ಜಪಾನಿನ ಕಾರ್ಟ್ರಿಜ್ ಅಮೆರಿಕದ ಯಂತ್ರದಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತದೆ, ಆದ್ದರಿಂದ ಆಡುವ ಉದ್ದೇಶದಿಂದ ಕೊಳ್ಳುವವರು ಪ್ರದೇಶದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಂಗ್ರಹಕ್ಕಾಗಿ ಕೊಳ್ಳುವವರು ಮಾತ್ರ ಡಬ್ಬಿ, ಕೈಪಿಡಿ, ಕಾರ್ಟ್ರಿಜ್ ಮೂರರ ಮೇಲಿನ ಪ್ರದೇಶ ಸಂಕೇತ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡಲೇಬೇಕು. ಒಂದು ದೇಶದ ಡಬ್ಬಿಗೆ ಇನ್ನೊಂದು ದೇಶದ ಕಾರ್ಟ್ರಿಜ್ ತುಂಬಿ ಪೂರ್ತಿ ಸೆಟ್ ಎಂದು ಮಾರುವುದು ಸರ್ವೇಸಾಮಾನ್ಯ.

ಜಪಾನಿನ ಪ್ರತಿಗಳಲ್ಲಿ ಒಂದು ವಿಶೇಷವಿದೆ. ಆಟ ಶುರುವಾಗುವ ಮುನ್ನ ಎ, ಬಿ, ಸಿ ಎಂಬ ಮೂರು ಸಂಗೀತಗಳಲ್ಲಿ ಒಂದನ್ನು ಆರಿಸಬಹುದು. ಜಗತ್ತೆಲ್ಲ ಟೆಟ್ರಿಸ್ ಸಂಗೀತ ಎಂದು ಗುರುತಿಸುವುದು ಎ ವಿಧವನ್ನು, ಅದು ಕೊರೊಬೇನಿಕಿ ಎಂಬ ರಷ್ಯನ್ ಜನಪದ ಹಾಡಿನ ಧಾಟಿ. ಸಿ ವಿಧವು ಜರ್ಮನಿಯ ಸಂಗೀತಗಾರ ಬಾಖ್ ರಚಿಸಿದ ಫ್ರೆಂಚ್ ಸ್ವೀಟ್ ಎಂಬ ಸಂಗೀತಮಾಲೆಗಳಲ್ಲಿ ಮೂರನೆಯದರ ಒಂದು ಭಾಗ. ಇವನ್ನು ಗೇಮ್ ಬಾಯ್‌ಗೆ ಹೊಂದಿಸಿದವರು ಹಿರೊಕಾಝು ತನಾಕಾ. ಆದರೆ ಜಪಾನಿನಲ್ಲಿ ಮೊಟ್ಟಮೊದಲು ಬಂದ 1.0 ಆವೃತ್ತಿಯಲ್ಲಿ ಎ ವಿಧದ ಜಾಗದಲ್ಲಿ ಕೊರೊಬೇನಿಕಿ ಇರಲಿಲ್ಲ, ಮಿನುಯೆಟ್ ಎಂಬ ಯುರೋಪಿನ ಹಳೆಯ ನೃತ್ಯದ ಮಾದರಿಯ ಬೇರೊಂದು ಧಾಟಿ ಇತ್ತು. 1.1 ಆವೃತ್ತಿಯಲ್ಲಿ ಅದನ್ನು ಬದಲಿಸಿದರು. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಒಂದೇ ರೂಪ, ಆದರೆ 1.0ಕ್ಕೆ ಸಂಗ್ರಾಹಕರು ಕೊಡುವ ಬೆಲೆ ಬೇರೆಯೇ. ಗುರುತಿಸಲು ಅತ್ಯಂತ ನಂಬಿಕೆಯ ಸಾಧನ ನಿಮ್ಮ ಕಿವಿ: ಯಂತ್ರಕ್ಕೆ ಹಾಕಿ ಎ ವಿಧವನ್ನು ಆರಿಸಿ ಕೇಳಿರಿ. ದೂರದ ಮಾರಾಟಗಾರರಾದರೆ ಅದೇ ಪರದೆಯ ಹತ್ತು ಸೆಕೆಂಡುಗಳ ವಿಡಿಯೊ ಕಳಿಸಲು ಕೇಳಿರಿ. ಅದನ್ನು ಕಳಿಸಲು ಒಪ್ಪದವರಿಂದ 1.0 ಎಂಬ ಮಾತಿನ ಮೇಲೆ ಒಂದು ರೂಪಾಯಿ ಹೆಚ್ಚು ಕೊಡಬಾರದು.

ಟೆಟ್ರಿಸ್ ಡಿಎಕ್ಸ್ ಎಂಬುದು 1998ರಲ್ಲಿ ಗೇಮ್ ಬಾಯ್ ಕಲರ್‌ಗಾಗಿ ಬಂದ ಬೇರೆಯೇ ಆಟ. ಅದರ ಕಾರ್ಟ್ರಿಜ್ ಕಪ್ಪು, ಒಳಗೆ ಅಂಕಗಳನ್ನು ಉಳಿಸಿಡುವ ಬ್ಯಾಟರಿ ಇದೆ. 1989ರ ಟೆಟ್ರಿಸ್‌ನಲ್ಲಿ ಬ್ಯಾಟರಿ ಇಲ್ಲ, ಸ್ವಿಚ್ ಆರಿಸಿದೊಡನೆ ನಿಮ್ಮ ದಾಖಲೆಯ ಅಂಕ ಅಳಿಸಿಹೋಗುತ್ತದೆ. ಆಡುವವರಿಗೆ ಇದು ಕೊರತೆ ಅನ್ನಿಸಬಹುದು, ಸಂಗ್ರಾಹಕರಿಗೆ ಇದು ವರ. ಬ್ಯಾಟರಿ ಸೋರಿ ಒಳಗಿನ ಸರ್ಕ್ಯೂಟ್ ಹಲಗೆ ಹಾಳಾಗುವ ಭಯವಿಲ್ಲ. ಆಟವಿರುವ 32 ಕಿಲೋಬೈಟ್‌ನ ಚಿಪ್ಪಿನಲ್ಲಿ ಮಾಹಿತಿಯನ್ನು ಕಾರ್ಖಾನೆಯಲ್ಲಿಯೇ ಶಾಶ್ವತವಾಗಿ ಅಚ್ಚೊತ್ತಿರುತ್ತಾರೆ.

ಅಸಲಿಯನ್ನು ಗುರುತಿಸುವ ಬಗೆ

ಬಿಡಿ ಕಾರ್ಟ್ರಿಜ್ ಅಗ್ಗವಾದ್ದರಿಂದ ಅದನ್ನು ನಕಲು ಮಾಡಿದವರಿಗೆ ಹೆಚ್ಚು ಲಾಭವಿಲ್ಲ. ಆದರೂ ಹೊಸದಾಗಿ ಅಚ್ಚು ಹಾಕಿದ ನಕಲುಗಳು, ಸವೆದ ಅಸಲಿಯ ಮೇಲೆ ಹೊಸ ಲೇಬಲ್ ಅಂಟಿಸಿದ ಪ್ರತಿಗಳು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮರುಮುದ್ರಿತ ಡಬ್ಬಿಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ನಾನು ಮೊದಲ ಬಾರಿಗೆ ಡಬ್ಬಿಯ ಸಮೇತ ಟೆಟ್ರಿಸ್ ತರಿಸಿದಾಗ ಮೋಸ ಹೋದದ್ದು ಡಬ್ಬಿಯಲ್ಲಿಯೇ. ಕಾರ್ಟ್ರಿಜ್ ಅಸಲಿಯಾಗಿತ್ತು, ಕೈಪಿಡಿಯೂ ಅಸಲಿಯಾಗಿತ್ತು. ಡಬ್ಬಿ ಮಾತ್ರ ಒಂದೆರಡು ವರ್ಷದ ಹಿಂದೆ ಯಾರದೋ ಮನೆಯಲ್ಲಿ ಮುದ್ರಿಸಿದ್ದು. ನಾನು ಕೊಟ್ಟ ಹಣದ ಬಹುಪಾಲು ಸಲ್ಲುತ್ತಿದ್ದುದು ಆ ಡಬ್ಬಿಗೇ ಆಗಿತ್ತು. ಅಂದಿನಿಂದ ಕೆಳಗಿನ ಕ್ರಮವನ್ನು ಬಿಟ್ಟು ಏನನ್ನೂ ಕೊಂಡಿಲ್ಲ.

ಮೊದಲು ಕಾರ್ಟ್ರಿಜ್ಜನ್ನು ಕಿಟಕಿಯ ಬಳಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಬೇಕು. ಅಸಲಿ ಲೇಬಲ್ಲಿನ ಮೇಲೆ, ಸಾಮಾನ್ಯವಾಗಿ ಬಲಭಾಗದಲ್ಲಿ, ಶಾಯಿಯಿಲ್ಲದೆ ಒತ್ತಿದ ಎರಡಂಕಿಯ ಸಂಖ್ಯೆ, ಕೆಲವೊಮ್ಮೆ ಅದರ ಪಕ್ಕದಲ್ಲಿ ಒಂದು ಅಕ್ಷರ, ಉಬ್ಬುತಗ್ಗಾಗಿ ಕಾಣುತ್ತದೆ. ನೇರ ಬೆಳಕಿನಲ್ಲಿ ಅದು ಮಾಯವಾಗುತ್ತದೆ, ಓರೆ ಬೆಳಕಿನಲ್ಲಿ ಹಾಲಿನ ಕೆನೆಯ ಮೇಲೆ ಉಗುರು ಒತ್ತಿದಂತೆ ಎದ್ದು ತೋರುತ್ತದೆ. ಕಾರ್ಖಾನೆಯಲ್ಲಿ ಒತ್ತಿದ ಈ ಗುರುತು ಮನೆಯಲ್ಲಿ ಮುದ್ರಿಸಿದ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚು ಸವೆದ ಲೇಬಲ್ಲಿನಲ್ಲಿ ಅದು ಅಳಿಸಿಹೋಗಿರಲೂಬಹುದಾದ್ದರಿಂದ ಈ ಒಂದು ಗುರುತನ್ನೇ ನಂಬಿ ತೀರ್ಪು ಕೊಡಬೇಡಿರಿ.

ಆಮೇಲೆ ಕಾರ್ಟ್ರಿಜ್ಜಿನ ಆಕಾರ ನೋಡಿರಿ. ಲೇಬಲ್ ನಿಮ್ಮ ಕಡೆಗಿದ್ದಾಗ ಮೇಲಿನ ಬಲ ಮೂಲೆಯಲ್ಲಿ ಒಂದು ಕಚ್ಚು ಇರಬೇಕು. ಮೊದಲ ಗೇಮ್ ಬಾಯ್‌ನ ಸ್ವಿಚ್ಚನ್ನು ಸರಿಸಿದಾಗ ಅದಕ್ಕೆ ಅಂಟಿದ ಸಣ್ಣ ಕೊಕ್ಕೆಯೊಂದು ಈ ಕಚ್ಚಿನೊಳಗೆ ಬಂದು ಕೂರುತ್ತದೆ, ಹೀಗಾಗಿ ಯಂತ್ರ ನಡೆಯುತ್ತಿರುವಾಗ ಕಾರ್ಟ್ರಿಜ್ಜನ್ನು ಎಳೆಯಲು ಆಗುವುದಿಲ್ಲ. ಹಿಂಭಾಗದ ಸ್ಕ್ರೂ ಕೂಡ ನೋಡತಕ್ಕದ್ದು. ಅಸಲಿಯಲ್ಲಿ ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ, 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕಾಗುವ ಸ್ಕ್ರೂ ಇರುತ್ತದೆ. ಪ್ಲಸ್ ಆಕಾರದ ಸ್ಕ್ರೂ ಕಂಡರೆ, ಒಂದೋ ಅದು ನಕಲು, ಇಲ್ಲವೇ ಯಾರೋ ಬಿಚ್ಚಿ ಬದಲಿಸಿದ್ದಾರೆ.

ಕೆಳಗಿನ ಚಿನ್ನದ ಬಣ್ಣದ ಸಂಪರ್ಕಪಟ್ಟಿಗಳ ಮೇಲ್ಭಾಗದಲ್ಲಿ, ಹಲಗೆಯ ಮೇಲೆ ನಿಂಟೆಂಡೊ ಎಂಬ ಹೆಸರು ಅಚ್ಚಾಗಿರುವುದನ್ನು ಕಾರ್ಟ್ರಿಜ್ ಬಿಚ್ಚದೆಯೇ ಟಾರ್ಚ್ ಹಾಕಿ ನೋಡಬಹುದು. ದುಬಾರಿ ಪ್ರತಿಯಾದರೆ, ಮಾರುವವರ ಒಪ್ಪಿಗೆ ಪಡೆದು ಬಿಚ್ಚಿಯೇ ನೋಡಬೇಕು. ಅಸಲಿಯೊಳಗೆ ಅಚ್ಚುಕಟ್ಟಾದ ಹಲಗೆ, ಅದರ ಮೇಲೆ ಕಾಲುಗಳಿರುವ ಒಂದು ಆಯತಾಕಾರದ ಕಪ್ಪು ಚಿಪ್ಪು, ಚಿಪ್ಪಿನ ಮೇಲೆ ಡಿಎಂಜಿ-ಟಿಆರ್‌ಎ ಎಂದು ಆರಂಭವಾಗುವ ಬರಹ ಇರುತ್ತದೆ. ಅದರ ಕೊನೆಯ ಅಂಕಿ ಆವೃತ್ತಿಯದು: ಸೊನ್ನೆಯಾದರೆ 1.0, ಒಂದಾದರೆ 1.1. ಅಗ್ಗದ ನಕಲುಗಳ ಒಳಗೆ ಹೆಚ್ಚಾಗಿ ಕಾಣುವುದು ಹಲಗೆಯ ಮೇಲೆ ಡಾಂಬರಿನ ಹನಿಯಂತೆ ಸುರಿದ ಕಪ್ಪು ಗುಂಡು.

ಡಬ್ಬಿ ಮತ್ತು ಕೈಪಿಡಿಗೆ ಚಿನ್ನದಂಗಡಿಯವರು ಬಳಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ರಂಗೋಲಿಯ ಎಳೆಗಳಂತೆ ಕ್ರಮವಾಗಿ, ಸಣ್ಣ ಸಣ್ಣ ಹೂವಿನಾಕಾರಗಳಲ್ಲಿ ಕೂತಿರುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಪ್ರತಿಯಲ್ಲಿ ಅದೇ ಜಾಗ ಕುಂಕುಮ ಚೆಲ್ಲಿದಂತೆ ಅಡ್ಡಾದಿಡ್ಡಿ ಚುಕ್ಕೆಗಳಿಂದ ತುಂಬಿರುತ್ತದೆ. ಸಣ್ಣ ಅಕ್ಷರಗಳ ಅಂಚು ಕೂಡ ಮಾತಾಡುತ್ತದೆ: ಸ್ಕ್ಯಾನ್ ಮಾಡಿ ಮುದ್ರಿಸಿದ ಕಪ್ಪು ಅಕ್ಷರದ ಸುತ್ತ ಬಣ್ಣಬಣ್ಣದ ಧೂಳು ಇರುತ್ತದೆ, ಅಸಲಿಯಲ್ಲಿ ಅಂಚು ಕತ್ತರಿಸಿದಂತೆ ಚೊಕ್ಕ. ಡಬ್ಬಿಯ ಮಡಿಕೆಗಳಲ್ಲಿ ವಯಸ್ಸು ಕಾಣಬೇಕು. ಮೂವತ್ತೈದು ವರ್ಷದ ರಟ್ಟು ಒಳಗಡೆ ಅಚ್ಚ ಬಿಳಿಯಾಗಿ ಹೊಳೆಯುತ್ತಿದ್ದರೆ ಅನುಮಾನ ಪಡುವುದು ನ್ಯಾಯ.

ಯಂತ್ರಕ್ಕೆ ಹಾಕಿ ನೋಡುವುದು

ಕಾರ್ಟ್ರಿಜ್ ಹಾಕಿ ಸ್ವಿಚ್ ಸರಿಸಿದಾಗ ನಿಂಟೆಂಡೊ ಹೆಸರು ಮೇಲಿನಿಂದ ಇಳಿದು ಬಂದು, ನಡುವೆ ನಿಂತು, ಗಂಟೆಯ ಸದ್ದು ಕೇಳಬೇಕು. ಆ ಹೆಸರಿನ ಚಿತ್ರವನ್ನು ಯಂತ್ರ ಕಾರ್ಟ್ರಿಜ್ಜಿನಿಂದಲೇ ಓದಿ ತನ್ನಲ್ಲಿರುವುದರ ಜೊತೆ ಹೋಲಿಸುತ್ತದೆ, ತಾಳೆಯಾಗದಿದ್ದರೆ ಮುಂದೆ ಹೋಗುವುದಿಲ್ಲ. ಹೆಸರಿನ ಜಾಗದಲ್ಲಿ ಕಪ್ಪು ಪಟ್ಟಿಯೋ ಅಸ್ತವ್ಯಸ್ತ ಗೀಟುಗಳೋ ಕಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಸಂಪರ್ಕಪಟ್ಟಿಗಳ ಕೊಳೆ. ಬಾಯಿಂದ ಊದುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಬೇಕು, ಉಸಿರಿನ ತೇವ ಲೋಹಕ್ಕೆ ಕಿಲುಬು ತರುತ್ತದೆ. ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ, ಪಟ್ಟಿಗಳ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಒರೆಸಿ, ಕಡ್ಡಿ ಬೆಳ್ಳಗೆ ಬರುವವರೆಗೆ ಬದಲಿಸುತ್ತ ಹೋಗಿ, ಪೂರ್ತಿ ಆರಿದ ಮೇಲೆ ಮಾತ್ರ ಯಂತ್ರಕ್ಕೆ ಹಾಕಬೇಕು. ಈ ದ್ರವ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುತ್ತದೆ.

ಹೆಸರಿನ ನಂತರ ಬರುವ ಹಕ್ಕುಸ್ವಾಮ್ಯದ ಪರದೆಯನ್ನು ಅನೇಕರು ಗುಂಡಿ ಒತ್ತಿ ದಾಟಿಬಿಡುತ್ತಾರೆ. ಅಲ್ಲಿ ನಿಂತು ಓದಿರಿ. 1987ರ ಎಲೋರ್ಗ್ ಹಕ್ಕು, ಬುಲೆಟ್-ಪ್ರೂಫ್ ಸಾಫ್ಟ್‌ವೇರ್‌ಗೆ ಪರವಾನಗಿ, ಅಲ್ಲಿಂದ ನಿಂಟೆಂಡೊಗೆ ಉಪಪರವಾನಗಿ ಎಂಬ ಸರಪಳಿ, ಕೊನೆಗೆ ಪಜಿತ್ನೊವ್ ಅವರ ಹೆಸರು, ಅದೂ ಇಂದು ರೂಢಿಯಲ್ಲಿರುವ ಇಂಗ್ಲಿಷ್ ಕಾಗುಣಿತದಲ್ಲಿ ಅಲ್ಲದೆ ನಡುವೆ ಝಡ್ ಮತ್ತು ಹೆಚ್ ಅಕ್ಷರಗಳಿರುವ ಹಳೆಯ ಕಾಗುಣಿತದಲ್ಲಿ ಇರುತ್ತದೆ. ಶೀತಲ ಸಮರದ ಕೊನೆಯ ದಿನಗಳಲ್ಲಿ ಮಾಸ್ಕೋ, ಜಪಾನ್ ಮತ್ತು ಅಮೆರಿಕದ ನಡುವೆ ನಡೆದ ಒಂದು ಒಪ್ಪಂದ ಅಂಗೈಯಗಲದ ಪರದೆಯಲ್ಲಿ ಕೂತಿದೆ. ನನಗಂತೂ ಪ್ರತಿ ಸಲವೂ ಅದನ್ನು ಪೂರ್ತಿ ಓದದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಆಟವನ್ನು ಎರಡು ಬಗೆಯಲ್ಲಿಯೂ ಆಡಿ ನೋಡಬೇಕು. ಎ ಆಟ ಕೊನೆಯಿಲ್ಲದ್ದು, ಬಿ ಆಟ 25 ಸಾಲು ಅಳಿಸಿದರೆ ಮುಗಿಯುತ್ತದೆ. ಶೀರ್ಷಿಕೆಯ ಪರದೆಯಲ್ಲಿ ಕೆಳಮುಖದ ಗುಂಡಿಯನ್ನು ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಹಂತದ ಅಂಕಿಯ ಬಳಿ ಹೃದಯದ ಚಿಹ್ನೆ ಬಂದು ಆಟದ ವೇಗ ಹತ್ತು ಹಂತ ಏರುತ್ತದೆ. ಯಂತ್ರದ ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆಯೇ ಎಂದು ತಿಳಿಯಲು ಆ ವೇಗದಲ್ಲಿ ಎರಡು ನಿಮಿಷ ಆಡಿದರೆ ಸಾಕು.

ಯಂತ್ರವನ್ನೂ ಕೊಳ್ಳುವುದಾದರೆ ಬ್ಯಾಟರಿ ಖಾನೆಯ ಮುಚ್ಚಳವನ್ನು ಮೊದಲು ತೆಗೆಯಿರಿ. ಹೊರಮೈ ಎಷ್ಟೇ ಹೊಳೆಯಲಿ, ಯಂತ್ರದ ಹಿಂದಿನ ಮಾಲೀಕರು ಅದನ್ನು ಹೇಗೆ ನೋಡಿಕೊಂಡರು ಎಂಬುದು ಆ ಖಾನೆಯ ಸ್ಪ್ರಿಂಗುಗಳಲ್ಲಿ ಬರೆದಿರುತ್ತದೆ. ಬಿಳಿ ಅಥವಾ ಹಸಿರು ಹಿಟ್ಟು ಕಂಡರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರೀಯವಾದ್ದರಿಂದ ವಿನೆಗರ್ ಅಥವಾ ನಿಂಬೆರಸದ ಒಂದೆರಡು ಹನಿಯಲ್ಲಿ ಕರಗುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಗ್ಗದ ಪೆನ್ಸಿಲ್ ಸೆಲ್ಲುಗಳ ಸೋರಿಕೆ ಆಮ್ಲೀಯ, ಅದಕ್ಕೆ ನೀರಿನಲ್ಲಿ ಕದಡಿದ ಅಡುಗೆ ಸೋಡ ಬೇಕು. ಎರಡರ ನಂತರವೂ ಆಲ್ಕೊಹಾಲಿನಿಂದ ಒರೆಸಿ ಆರಿಸಬೇಕು. ಪರದೆಯಲ್ಲಿ ಲಂಬವಾದ ಗೀಟುಗಳು ಮಾಯವಾಗಿರುವುದು ಮೊದಲ ಗೇಮ್ ಬಾಯ್‌ಗೆ ವಯಸ್ಸಿನಿಂದ ಬರುವ ರೋಗ. ಗಾಜಿನ ಕೆಳಗಿನ ರಿಬ್ಬನ್ ಪಟ್ಟಿಯ ಅಂಟು ಬಿಡುವುದು ಅದಕ್ಕೆ ಕಾರಣ, ಬೆಸುಗೆ ಕಡ್ಡಿಯ ಹದವಾದ ಶಾಖದಿಂದ ಅದನ್ನು ಮತ್ತೆ ಕೂರಿಸಬಹುದು. ದುರಸ್ತಿಯಾಗುವ ದೋಷ ಎಂದು ಸುಮ್ಮನಿರದೆ ಬೆಲೆ ಇಳಿಸಿ ಕೇಳಿರಿ. ಲಿಂಕ್ ಕೇಬಲ್ ಕೊಳ್ಳುವಾಗ ಮೊದಲ ಗೇಮ್ ಬಾಯ್‌ನ ಪ್ಲಗ್ ದೊಡ್ಡದು, 1996ರ ಗೇಮ್ ಬಾಯ್ ಪಾಕೆಟ್ ಮತ್ತು ನಂತರದವುಗಳ ಪ್ಲಗ್ ಚಿಕ್ಕದು ಎಂಬುದು ನೆನಪಿರಲಿ.

ಬೆಲೆ ಕಟ್ಟುವುದು

ಮಾರುವವರು ಬರೆದ ಬೆಲೆ ಅವರ ಆಸೆ ಮಾತ್ರ, ಕೊಳ್ಳುವವರು ತೆತ್ತದ್ದೇ ಬೆಲೆ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಪ್ರೈಸ್‌ಚಾರ್ಟಿಂಗ್ ತಾಣ ಅಂಥ ಮಾರಾಟಗಳನ್ನು ಲೂಸ್, ಕಂಪ್ಲೀಟ್, ಹೊಸದು ಎಂದು ಬೇರ್ಪಡಿಸಿ ಇಡುತ್ತದೆ. ಅವುಗಳಿಂದ ಕಳೆದ ಎರಡು ಮೂರು ತಿಂಗಳಲ್ಲಿ, ನಿಮ್ಮ ಪ್ರತಿಯ ಪ್ರದೇಶ ಮತ್ತು ಸ್ಥಿತಿಗೆ ಹೊಂದುವ ಐದು ಮಾರಾಟಗಳನ್ನಾದರೂ ಬರೆದುಕೊಳ್ಳಬೇಕು. ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ ಒಂದು ಉದಾಹರಣೆ ಕೊಡುತ್ತೇನೆ: ಐದು ಬೆಲೆಗಳು 900, 1,100, 1,150, 1,300 ಮತ್ತು 2,600 ರೂಪಾಯಿ ಎಂದಿರಲಿ. ಸರಾಸರಿ ತೆಗೆದರೆ 1,410 ಬರುತ್ತದೆ, ಆದರೆ ಐದರಲ್ಲಿ ನಾಲ್ವರು ಅಷ್ಟು ಕೊಟ್ಟೇ ಇಲ್ಲ. ನಡುವಿನ ಬೆಲೆ 1,150, ಅದೇ ನಿಜಕ್ಕೆ ಹತ್ತಿರ. 2,600ರ ಪುಟವನ್ನು ತೆರೆದು ಚಿತ್ರಗಳನ್ನು ನೋಡಿದರೆ ಮೂಲೆಯಲ್ಲಿ ಒಂದು ಕೈಪಿಡಿ ಇಣುಕುತ್ತಿರುತ್ತದೆ. ಹಾಗಿದ್ದರೆ ಅದು ನಿಮ್ಮ ಬಿಡಿ ಕಾರ್ಟ್ರಿಜ್ಜಿಗೆ ಹೋಲಿಕೆಯೇ ಅಲ್ಲ, ಪಟ್ಟಿಯಿಂದ ತೆಗೆದುಹಾಕಿರಿ.

ನಡುವಿನ ಬೆಲೆ ಸಿಕ್ಕ ಮೇಲೆ ನಿಮ್ಮ ಪ್ರತಿಯ ದೋಷಗಳಿಗೆ ಕಳೆಯಬೇಕು. ಲೇಬಲ್ ಹರಿದಿರುವುದು, ಪೆನ್ನಿನಲ್ಲಿ ಹೆಸರು ಬರೆದಿರುವುದು, ಅಂಗಡಿಯ ಸ್ಟಿಕ್ಕರ್ ಕಿತ್ತ ಗುರುತು, ಬಿಸಿಲಿಗೆ ಬಣ್ಣ ಮಾಸಿರುವುದು ಇವೆಲ್ಲ ಬೆಲೆ ಇಳಿಸುತ್ತವೆ. ಇಷ್ಟು ಸುಲಭವಾಗಿ ಸಿಗುವ ಆಟದಲ್ಲಿ ಕೊಳ್ಳುವವರು ದೋಷವಿಲ್ಲದ ಪ್ರತಿಗಾಗಿ ಕಾಯಬಲ್ಲರು, ಆದ್ದರಿಂದ ದೋಷದ ಕಡಿತ ಇಲ್ಲಿ ಅಪರೂಪದ ಆಟಗಳಿಗಿಂತ ಕಠಿಣವಾಗಿರುತ್ತದೆ. ಹೊರದೇಶದಿಂದ ತರಿಸುವವರು ಸಾಗಣೆ ವೆಚ್ಚ ಮತ್ತು ಕಸ್ಟಮ್ಸ್ ತೆರಿಗೆಯನ್ನು ಮೊದಲೇ ಕೂಡಿಸಿಕೊಳ್ಳಬೇಕು. ಒಂದು ಅಗ್ಗದ ಕಾರ್ಟ್ರಿಜ್ಜಿಗೆ ಇವೆರಡೂ ಸೇರಿ ಅದರ ಸ್ವಂತ ಬೆಲೆಯನ್ನೇ ಮೀರಬಹುದು. ಅಮೆರಿಕದಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇರುವ ನೆಂಟರು ಊರಿಗೆ ಬರುವಾಗ ತಂದುಕೊಟ್ಟರೆ ಈ ಭಾರ ಎಷ್ಟೋ ಹಗುರವಾಗುತ್ತದೆ.

ಸೀಲ್ ಒಡೆಯದ ಪ್ರತಿಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು: ಮೊದಲ ಐದು ವರ್ಷ ಅತ್ತ ತಲೆ ಹಾಕಬೇಡಿರಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಶಾಖದಿಂದ ಬಿಗಿಸುವ ಯಂತ್ರ ಯಾರ ಬಳಿಯೂ ಇರಬಹುದು. ಕೆಲವು ಸಂಸ್ಥೆಗಳು ಪ್ರತಿಯ ಸ್ಥಿತಿಗೆ ಹತ್ತರ ಮಾಪನದಲ್ಲಿ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕೊಡುತ್ತವೆ, ಆ ಅಂಕಕ್ಕೆ ಹರಾಜಿನಲ್ಲಿ ಬೆಲೆಯೂ ಬರುತ್ತದೆ. 2021ರ ಜುಲೈನಲ್ಲಿ ಸೂಪರ್ ಮಾರಿಯೊ 64 ಎಂಬ ಬೇರೊಂದು ಆಟದ ಸೀಲಾದ ಪ್ರತಿ ಹೆರಿಟೇಜ್ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋದಾಗ ಎಲ್ಲರ ಅಟ್ಟದ ಮೇಲಿನ ಆಟಗಳಿಗೂ ರೆಕ್ಕೆ ಬಂದಂತಾಯಿತು. ಆ ಬೆಲೆ ಬಹುತೇಕ ಕಲೆಯಿಲ್ಲದ ಒಂದೇ ಒಂದು ಪ್ರತಿಯದು. ನಿಮ್ಮ ಕೈಯಲ್ಲಿರುವ, ಆಡಿ ಸವೆದ ಟೆಟ್ರಿಸ್‌ನ ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಹಿನ್ನೆಲೆಯ ದಾಖಲೆಗೆ ಇರುವ ತೂಕವನ್ನು ತೋರಿಸಲು ಎರಡು ಟೆಟ್ರಿಸ್ ಸಾಕು. ರಷ್ಯಾದ ಗಗನಯಾತ್ರಿ ಅಲೆಕ್ಸಾಂದರ್ ಸೆರೆಬ್ರೊವ್ 1993ರಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ತಮ್ಮ ಗೇಮ್ ಬಾಯ್ ಮತ್ತು ಟೆಟ್ರಿಸ್ ಒಯ್ದರು. ಅದು ಮುಂದೆ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಸಾವಿರ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಕೊಲ್ಲಿ ಯುದ್ಧದ ಸಮಯದಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಮುಂಭಾಗ ಕರಗಿ ಸುಟ್ಟುಹೋದ ಸೈನಿಕರೊಬ್ಬರ ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ವರ್ಷಗಟ್ಟಲೆ ಪ್ರದರ್ಶನಕ್ಕಿತ್ತು, ಅದರ ಪರದೆಯಲ್ಲಿ ಟೆಟ್ರಿಸ್ ಓಡುತ್ತಲೇ ಇತ್ತು. ಸ್ಥಿತಿಯ ಲೆಕ್ಕದಲ್ಲಿ ಆ ಸುಟ್ಟ ಯಂತ್ರಕ್ಕೆ ಏನೂ ಇಲ್ಲ. ಅದನ್ನು ಬೇರೆ ಮಾಡುವುದು ಅದರ ಕಥೆ ಮತ್ತು ಆ ಕಥೆಗಿರುವ ಪುರಾವೆ. ಪುರಾವೆಯಿಲ್ಲದ ಕಥೆಗೆ ಕಿವಿ ಕೊಡಬಹುದು, ಹಣ ಕೊಡಬಾರದು.

ಕನ್ನಡ ನಾಡಿನಲ್ಲಿ ಬೆಳೆದ ಬಹುಪಾಲು ಮಂದಿಗೆ ಟೆಟ್ರಿಸ್ ಎಂದರೆ ಗೇಮ್ ಬಾಯ್ ಅಲ್ಲ, ಜಾತ್ರೆಯಲ್ಲಿಯೋ ಬಸ್ ನಿಲ್ದಾಣದ ಅಂಗಡಿಯಲ್ಲಿಯೋ ಕೊಂಡ ಬ್ರಿಕ್ ಗೇಮ್. 9999 ಆಟಗಳಿವೆ ಎಂದು ಮೇಲೆ ಬರೆದಿದ್ದ, ಒಳಗೆ ಹತ್ತಾರು ಆಟಗಳನ್ನೇ ವೇಗ ಮತ್ತು ಹಂತ ಬದಲಿಸಿ ಎಣಿಸಿದ್ದ ಆ ಯಂತ್ರಗಳಿಗೆ ಪರವಾನಗಿಯೂ ಇರಲಿಲ್ಲ, ಕಾರ್ಟ್ರಿಜ್ಜೂ ಇರಲಿಲ್ಲ. ಅವುಗಳ ಪರದೆಯಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 20 ಚೌಕಗಳು ಗಾಜಿನಲ್ಲಿಯೇ ಅಚ್ಚಾಗಿದ್ದವು. ಗೇಮ್ ಬಾಯ್ ಟೆಟ್ರಿಸ್‌ನಲ್ಲಿ ಉದ್ದಕ್ಕೆ 18 ಮಾತ್ರ. ಇಂಥವನ್ನು ಈಗಲೂ ಹೊಸದಾಗಿ ತಯಾರಿಸುತ್ತಾರೆ, ಹಾಗಾಗಿ ಹಳೆಯದಕ್ಕೆ ಹರಾಜಿನ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಸಂಗ್ರಹದಲ್ಲಿ ಮಾತ್ರ ಅದಕ್ಕೆ ಜಾಗವಿದೆ, ಇರಬೇಕು ಎಂದೂ ನಂಬುತ್ತೇನೆ. ನಮ್ಮ ಮಕ್ಕಳು ಈ ಆಟವನ್ನು ಕಲಿತದ್ದು ಯಾವ ರೂಪದಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಉಳಿಯುವುದಿಲ್ಲ. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಹಳೆಯದೊಂದು ಕಂಡರೆ, ಡಬ್ಬಿಯಿದ್ದರೆ ಡಬ್ಬಿಯ ಸಮೇತ ತನ್ನಿರಿ, ಎಲ್ಲಿ, ಯಾವಾಗ, ಎಷ್ಟಕ್ಕೆ ಎಂದು ಅಂದೇ ಬರೆದಿಡಿರಿ.

ಇಡುವ ವಿಚಾರದಲ್ಲಿ ನಮ್ಮ ಹವೆಗೆ ತಕ್ಕ ಎಚ್ಚರ ಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ರಟ್ಟು ತೇವ ಹೀರಿ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಗೆದ್ದಲಿಗೆ ಕೈಪಿಡಿ ಮೃಷ್ಟಾನ್ನ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಟ್ಟು, ಜೆಲ್ಲಿನ ಬಣ್ಣ ಬದಲಾದಾಗ ಹೊಸದು ಹಾಕಬೇಕು. ರಟ್ಟಿನ ಡಬ್ಬಿಗೆ ಪಿಇಟಿ ಪ್ಲಾಸ್ಟಿಕ್ಕಿನ ಕವಚ ಒಳ್ಳೆಯದು, ಮೆದುವಾದ ಪಿವಿಸಿ ಹಾಳೆ ಕಾಲಕ್ರಮದಲ್ಲಿ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಹಳದಿಯಾದ ಯಂತ್ರವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನ ಚಾಲ್ತಿಯಲ್ಲಿದೆ, ಆದರೆ ಪ್ಲಾಸ್ಟಿಕ್ ಮಚ್ಚೆಮಚ್ಚೆಯಾಗುವ ಅಪಾಯ ಇರುವುದರಿಂದ ನಾನು ಅದನ್ನು ಮಾಡುವುದಿಲ್ಲ. ಸೆಲ್ಲುಗಳನ್ನು ಒಂದು ದಿನಕ್ಕೂ ಯಂತ್ರದೊಳಗೆ ಮರೆತು ಬಿಡಬಾರದು.

ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇರಲಿ: ಲೇಬಲ್ಲಿನ ಸಂಕೇತ, ಒತ್ತಿದ ಎರಡಂಕಿ, ಬಿಚ್ಚಿ ನೋಡಿದ್ದರೆ ಚಿಪ್ಪಿನ ಬರಹ, ಕೊಂಡ ದಿನ, ಕೊಟ್ಟ ಬೆಲೆ, ಯಾರಿಂದ ಬಂತು, ನೀವು ಏನನ್ನು ತೊಳೆದಿರಿ ಅಥವಾ ಬದಲಿಸಿದಿರಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ವಸ್ತುವಿಗೆ ಅಂಟಿಸದೆ ಪಕ್ಕದಲ್ಲಿಡಬೇಕು. ನಮ್ಮ ಸೋದರಮಾವ 1992ರಲ್ಲಿ ಮಸ್ಕತ್‌ನಿಂದ ತಂದ ಟೆಟ್ರಿಸ್ ನನ್ನ ಬಳಿ ಇದೆ. ಅದರ ಲೇಬಲ್ಲಿನ ಮೂಲೆ ಸವೆದಿದೆ, ಹಿಂಭಾಗದಲ್ಲಿ ನನ್ನ ಅಕ್ಕ ಬಾಲ್ ಪೆನ್ನಿನಲ್ಲಿ ಬರೆದ ಹೆಸರಿದೆ. ಅದರ ಚೀಟಿಯಲ್ಲಿ ಆ ಎರಡು ದೋಷಗಳನ್ನೂ ಬರೆದಿದ್ದೇನೆ, ಬೆಲೆಯ ಸಾಲಿನಲ್ಲಿ ಬಿಡಿ ಕಾರ್ಟ್ರಿಜ್ಜಿನ ನಡುವಿನ ಬೆಲೆಯಿಂದ ಮೂರನೆಯ ಒಂದು ಪಾಲು ಕಳೆದು ಹಾಕಿದ್ದೇನೆ, ಕೆಳಗೆ ಮಾರಾಟಕ್ಕಿಲ್ಲ ಎಂದು ಬರೆದಿದ್ದೇನೆ.